ಸ್ಮಾರ್ಟ್ ಕ್ಲಾಸ್ ಮಾಡುವ ಮುಂಚೆ ಮಕ್ಕಳನ್ನು ಕೇಳುವುದು ಹೇಗೆ?

ನಮ್ಮ ಕಡೆ ಸರ್ಕಾರಿ ಶಾಲೆಗೆ ಒಂದು ಸ್ಮಾರ್ಟ್ ಟಿವಿ ಬಂತು ಅಂದರೆ ಸಾಮಾನ್ಯವಾಗಿ ನಡೆಯುವುದು ಹೀಗೆ. ಗಾಡಿ ಬರುತ್ತದೆ, ಹೆಡ್‌ಮಾಸ್ಟರ್ ಸಹಿ ಹಾಕುತ್ತಾರೆ, ಯಾವ ಕೋಣೆಗೆ ಗಟ್ಟಿ ಕೀಲಿ ಇದೆಯೋ ಆ ಕೋಣೆಗೆ ಟಿವಿ ಹೋಗುತ್ತದೆ. ರಿಬ್ಬನ್ ಕಟ್ಟುತ್ತಾರೆ, ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ, ಫೋಟೊ ಆಗುತ್ತದೆ. ಸ್ವಲ್ಪ ದಿನ ಬಿಟ್ಟು ಹೋಗಿ ನೋಡಿದರೆ ಟಿವಿಗೆ ಬಟ್ಟೆ ಹೊದಿಸಿರುತ್ತಾರೆ. ಯಾಕೆ ಅಂತ ಮಾಸ್ತರರನ್ನು ಕೇಳಿ: ಕರೆಂಟ್ ಇಲ್ಲ, ನೆಟ್ ಇಲ್ಲ, ಟೈಮ್ ಇಲ್ಲ. ಹಿಂದಿನ ಬೆಂಚಿನ ಹುಡುಗಿಯನ್ನು ಕೇಳಿ, ಬೇರೆಯದೇ ಉತ್ತರ ಬರುತ್ತದೆ: "ಸರ್, ಮಧ್ಯಾಹ್ನ ಕಿಡಕ್ಯಾಗಿಂದ ಬಿಸಲ ಬೀಳ್ತದ್ರಿ, ಏನೂ ಕಾಣಂಗಿಲ್ಲ."

ಟಿವಿ ಗೋಡೆಗೆ ಹಾಕುವ ಮುಂಚೆ ಈ ಮಾತು ಕಿವಿಗೆ ಬಿದ್ದಿದ್ದರೆ ಪಕ್ಕದ ಗೋಡೆಗೆ ಹಾಕಬಹುದಿತ್ತು. ಒಂದು ಪೈಸೆ ಜಾಸ್ತಿ ಆಗುತ್ತಿರಲಿಲ್ಲ.

ಮಕ್ಕಳ ದನಿ ಕೇಳಬೇಕು ಅಂತ ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಯಾವಾಗ ಕೇಳಬೇಕು, ಯಾರನ್ನು ಕೇಳಬೇಕು, ಕೇಳಿದ ಮೇಲೆ ಏನು ಮಾಡಬೇಕು ಅನ್ನೋದನ್ನು ಹೇಳಿಕೊಡುವವರು ಕಡಿಮೆ. ಇದು ಆ ಕೆಲಸಕ್ಕೆ ಬರೆದದ್ದು. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮುಖ್ಯ ಗುರುಗಳು, ಶಿಕ್ಷಕರು, ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಸಿಆರ್‌ಪಿಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು ಇದನ್ನು ಓದಿ ನಾಳೆಯೇ ಶುರು ಮಾಡಬಹುದು. ಖಾಸಗಿ ಶಾಲೆಯವರಿಗೂ ಮುಕ್ಕಾಲು ಭಾಗ ಹೊಂದುತ್ತದೆ.

ಈಗಲೇ ಯಾಕೆ ಅಂದರೆ, ನಮ್ಮ ಭಾಗಕ್ಕೆ ಈಗ ದುಡ್ಡು ಬರುತ್ತಿದೆ. ಸಂವಿಧಾನದ 371ಜೆ ಕಲಮಿನ ವಿಶೇಷ ಸ್ಥಾನಮಾನ ಸಿಕ್ಕ ಮೇಲೆ ಹುಟ್ಟಿದ ಪ್ರದೇಶಾಭಿವೃದ್ಧಿ ಮಂಡಳಿ ಇದೆ, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆದಾಗ ಅದರ ಹೆಸರೂ ಬದಲಾಯಿತು, ಶಾಲೆಗಳಿಗೆ ಅದರ ಅನುದಾನ ಹೋಗುತ್ತದೆ. ಸಮಗ್ರ ಶಿಕ್ಷಣ ಯೋಜನೆ ಇದೆ. ಸೇಡಂ, ವಾಡಿಯಂಥ ಸಿಮೆಂಟ್ ಕಾರ್ಖಾನೆಯ ಊರುಗಳಲ್ಲಿ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣಕ್ಕೂ ಅರ್ಜಿ ಹಾಕಬಹುದು. ಸಾಮಾನು ಹೇಗೋ ಬರುತ್ತದೆ. 2000ದ ದಶಕದ ಮಾಹಿತಿ ಸಿಂಧು ಯೋಜನೆಯ ಕಂಪ್ಯೂಟರ್ ಕೋಣೆಗಳನ್ನು ಕಂಡವರಿಗೆ ಗೊತ್ತು, ಸಾಮಾನು ಬರುವುದು ಒಂದು, ಅದು ಮಕ್ಕಳ ಕೈಗೆ ಸಿಗುವುದು ಇನ್ನೊಂದು.

ಹೆಜ್ಜೆ 1: ನಿಮ್ಮ ಕೈಯಲ್ಲಿ ಏನಿದೆ ಅಂತ ಮೊದಲು ನೋಡಿಕೊಳ್ಳಿ

ಮಕ್ಕಳನ್ನು ಕೂರಿಸಿಕೊಳ್ಳುವ ಮುಂಚೆ ಶಿಕ್ಷಕರೆಲ್ಲ ಸೇರಿ ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿ. ಮೇಲಿಂದ ತೀರ್ಮಾನ ಆಗಿ ಬರುವುದು ಯಾವುದು, ಶಾಲೆಯಲ್ಲೇ ತೀರ್ಮಾನ ಆಗುವುದು ಯಾವುದು. ಟಿವಿ ಯಾವ ಕಂಪನಿಯದು, ಎಷ್ಟು ಇಂಚು, ಎಷ್ಟು ಕಂಪ್ಯೂಟರ್ ಅನ್ನೋದು ಬಹಳ ಸಲ ಟೆಂಡರಿನಲ್ಲೇ ಮುಗಿದಿರುತ್ತದೆ. ಅದನ್ನು ಮಕ್ಕಳ ಮುಂದೆ ಇಟ್ಟು "ನಿಮಗೆ ಯಾವುದು ಬೇಕು" ಅಂತ ಕೇಳಿದರೆ ಅದು ಸುಮ್ನೆ ನಾಟಕ. ಮಕ್ಕಳಿಗೆ ನಾಟಕ ಬೇಗ ಗೊತ್ತಾಗುತ್ತದೆ, ಮುಂದಿನ ಸಲ ಬಾಯಿ ಬಿಡುವುದಿಲ್ಲ.

ಶಾಲೆಯ ಕೈಯಲ್ಲಿ ಇರುವುದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಯಾವ ಕೋಣೆ, ಯಾವ ಗೋಡೆ, ಯಾವ ಪೀರಿಯಡ್, ಯಾವ ತರಗತಿಗೆ ವಾರಕ್ಕೆ ಎಷ್ಟು ಸಲ, ಚಾವಿ ಯಾರ ಹತ್ತಿರ, ರಿಮೋಟ್ ಯಾರು ಹಿಡಿಯಬೇಕು, ಯಾವ ಭಾಷೆಯ ವಿಡಿಯೊ, ಹೋಂವರ್ಕ್ ವಾಟ್ಸ್ಆ್ಯಪ್‌ನಲ್ಲಿ ಹಾಕಬೇಕೋ ಬೋರ್ಡ್ ಮೇಲೆ ಬರೆಯಬೇಕೋ, ಮಕ್ಕಳ ಫೋಟೊ ಗ್ರೂಪಿಗೆ ಹೋಗಬೇಕೋ ಬೇಡವೋ, ಇರುವ ಸಣ್ಣ ಅನುದಾನದಲ್ಲಿ ಕಿಟಕಿಗೆ ಪರದೆ ತರಬೇಕೋ ಸ್ಪೀಕರ್ ತರಬೇಕೋ. ಇವೆಲ್ಲ ನಿಮ್ಮವೇ. ಈ ಪಟ್ಟಿಯನ್ನೇ ಮಕ್ಕಳ ಮುಂದೆ ಇಡಿ, ಇನ್ನೊಂದು ಪಟ್ಟಿಯನ್ನೂ ತೋರಿಸಿ, "ಇದು ನಮ್ಮ ಕೈಯಲ್ಲಿ ಇಲ್ಲ" ಅಂತ ನೇರವಾಗಿ ಹೇಳಿ.

ದಾನಿಗಳ ಹಣ ಬರುವುದಿದ್ದರೆ ಮಾತ್ರ ಲೆಕ್ಕ ಬೇರೆ. ಬೇಡಿಕೆ ಪತ್ರ ಬರೆಯುವ ಮುಂಚೆಯೇ ಮಕ್ಕಳನ್ನು ಕೇಳಿ, ಅವರು ಹೇಳಿದ್ದನ್ನು ಒಂದು ಪುಟ ಮಾಡಿ ಪತ್ರದ ಜೊತೆ ಲಗತ್ತಿಸಿ. ಹತ್ತು ಟ್ಯಾಬ್ ಕೊಡುತ್ತೇವೆ ಅಂತ ಬಂದವರಿಗೆ "ಟ್ಯಾಬ್ ಐದು ಸಾಕು, ಉಳಿದದ್ದರಲ್ಲಿ ಇನ್ವರ್ಟರ್ ಕೊಡಿ" ಅಂತ ಹೇಳುವ ಧೈರ್ಯ ಆ ಒಂದು ಪುಟದಿಂದ ಬರುತ್ತದೆ.

ಹೆಜ್ಜೆ 2: ಯಾರನ್ನು ಕೂರಿಸಬೇಕು

ಮಕ್ಕಳ ಶಾಲಾ ಸಂಸತ್ತು ಇದ್ದೇ ಇದೆಯಲ್ಲ, ಅದರ ಶಿಕ್ಷಣ ಮಂತ್ರಿಯನ್ನು ಕೇಳಿದರೆ ಸಾಕು ಅನ್ನಿಸಬಹುದು. ಸಂಸತ್ತು ಇರಲಿ, ಅದನ್ನು ಬಿಡಬೇಡಿ. ಆದರೆ ಅಲ್ಲಿ ಕೂತವರು ಹೆಚ್ಚಾಗಿ ಚೆನ್ನಾಗಿ ಓದುವವರು, ಚೆನ್ನಾಗಿ ಮಾತಾಡುವವರು, ಮುಂದಿನ ಬೆಂಚಿನವರು. ಟಿವಿ ಅವರಿಗೆ ಈಗಲೂ ಕಾಣುತ್ತದೆ!

ಎಂಟು ಹತ್ತು ಮಕ್ಕಳ ಒಂದು ಗುಂಪು ಮಾಡಿ. ಗುಂಪಿನಲ್ಲಿ ಯಾರ್‍ಯಾರು ಇರಲೇಬೇಕು ಅನ್ನೋದನ್ನು ನಿಮ್ಮ ಊರು ಹೇಳುತ್ತದೆ. ಚಿಂಚೋಳಿ ಕಡೆ ಆದರೆ ತಾಂಡಾದಿಂದ ನಡೆದು ಬರುವ, ಮನೆಯಲ್ಲಿ ಲಂಬಾಣಿ ಮಾತಾಡುವ ಮಗು. ಔರಾದ್, ಭಾಲ್ಕಿ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು, ಕಲಬುರಗಿ ಬೀದರ್ ಪಟ್ಟಣದಲ್ಲಿ ಉರ್ದು. ಯಾದಗಿರಿ ಜಿಲ್ಲೆಯಲ್ಲಾದರೆ ಅಪ್ಪ ಅಮ್ಮ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗಿ ಅಜ್ಜಿ ಹತ್ತಿರ ಉಳಿದ ಮಗು. ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದವರು. ಕಣ್ಣು ಸರಿ ಕಾಣದವರು, ಕಿವಿ ಸರಿ ಕೇಳಿಸದವರು. ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆಯುವವರು. ಅರ್ಧಕ್ಕಿಂತ ಕಡಿಮೆ ಇಲ್ಲದಂತೆ ಹುಡುಗಿಯರು.

ಹೆಸರು ನೀವು ಆರಿಸಬೇಡಿ. ಪ್ರತಿ ಗುಂಪಿನಿಂದ ಚೀಟಿ ಎತ್ತಿ. "ನೀನು ಫೋನ್ ಇಲ್ಲದವನು, ಅದಕ್ಕೆ ನಿನ್ನ ಕರೆದಿದ್ದೇನೆ" ಅಂತ ಎಲ್ಲರೆದುರು ಹೇಳಬೇಡಿ. ಇದು ಹೇಳಬೇಕಾದ ಮಾತೇ ಅಲ್ಲ, ಆದರೂ ಹಾಗೆ ಹೇಳುವುದನ್ನು ಕೇಳಿದ್ದೇನೆ.

ಮೂರನೇ ತರಗತಿಯವರೆಗಿನ ನಲಿಕಲಿ ಮಕ್ಕಳನ್ನು ಗುಂಪಿನಲ್ಲಿ ಕೂರಿಸಿದರೆ ಬೇಸರ ಮಾಡಿಕೊಳ್ಳುತ್ತಾರೆ. ಅವರಿಗೆ ಚಿತ್ರ ಬರೆಯಲು ಹೇಳಿ: ಟಿವಿ ಪಾಠ ನಡೆಯುವಾಗ ನೀನು ಎಲ್ಲಿ ಕೂತಿದ್ದೀಯ, ನಿನಗೆ ಏನು ಕಾಣುತ್ತದೆ. ಮುಂದೆ ಕೂತವನ ತಲೆಯನ್ನೇ ಹಾಳೆ ತುಂಬ ಬರೆದು ಕೊಡುವ ಮಗು ಒಂದಾದರೂ ಇರುತ್ತದೆ.

ಹೆಜ್ಜೆ 3: ಮೊದಲ ವಾರ ಮಾತು ಬೇಡ, ಅಳೆಯಲಿ

ಗುಂಪು ಆದ ಕೂಡಲೇ ಅಭಿಪ್ರಾಯ ಕೇಳಬೇಡಿ. ಏನೂ ನೋಡದೆ ಅಭಿಪ್ರಾಯ ಹೇಳು ಅಂದರೆ ಮಕ್ಕಳು ಮಾಸ್ತರರಿಗೆ ಇಷ್ಟವಾಗುವ ಮಾತು ಹೇಳುತ್ತಾರೆ, ದೊಡ್ಡವರೂ ಹಾಗೇ ಅಲ್ವಾ. ಮೊದಲು ಒಂದು ವಾರ ಕೆಲಸ ಕೊಡಿ. ಕೈಯಲ್ಲಿ ಅವರೇ ಬರೆದ ಅಂಕಿ ಇದ್ದರೆ ಮಾತು ತಾನಾಗಿ ಬರುತ್ತದೆ, ಎದುರು ಕೂತವರೂ ಸುಲಭಕ್ಕೆ ತಳ್ಳಿ ಹಾಕುವುದಿಲ್ಲ.

ಮೊದಲ ಕೆಲಸ ಬೆಂಚ್ ಪರೀಕ್ಷೆ. ಟಿವಿ ಅಥವಾ ಪ್ರೊಜೆಕ್ಟರ್ ಇರುವ ಕೋಣೆಯಲ್ಲಿ, ಬೆಂಚ್ ಇಲ್ಲದಿದ್ದರೆ ನೆಲದ ಮೇಲೆ ಕೂರುವ ಸಾಲುಗಳಲ್ಲಿ, ಪ್ರತಿ ಜಾಗದಲ್ಲೂ ಒಂದು ಮಗು ಕೂತು ನೋಡಬೇಕು. ಪರದೆ ಮೇಲೆ ಒಂದು ಪಾಠದ ಪುಟ ಹಾಕಿ. ಓದಲು ಬರುತ್ತದೆಯಾ? ದನಿ ತಿಳಿಯುತ್ತದೆಯಾ? ಫ್ಯಾನ್ ಹಾಕಿದಾಗ ಒಮ್ಮೆ, ಆಫ್ ಮಾಡಿದಾಗ ಒಮ್ಮೆ. ಬೆಳಿಗ್ಗೆ 11ಕ್ಕೆ ಒಮ್ಮೆ, ಮಧ್ಯಾಹ್ನ 3ಕ್ಕೆ ಒಮ್ಮೆ. ಕೋಣೆಯ ನಕ್ಷೆ ಬರೆದು ಸರಿ ಇರುವ ಜಾಗಕ್ಕೆ ಸುನ್ನೆ, ಸರಿ ಇಲ್ಲದ ಜಾಗಕ್ಕೆ ಗುಣಾಕಾರದ ಗುರುತು ಹಾಕಬೇಕು. ನಮ್ಮ ಕಡೆ ನೆಲಕ್ಕೆ ಶಹಾಬಾದಿನ ಪರ್ಸಿ ಕಲ್ಲು ಹಾಸಿರುತ್ತಾರೆ, ಗೋಡೆ ಖಾಲಿ, ಮೇಲೆ ಕಾಂಕ್ರೀಟ್ ಇಲ್ಲವೇ ತಗಡು. ದನಿ ಬಡಿದು ವಾಪಸ್ ಬರುತ್ತದೆ. ಹಿಂದೆ ಕೂತವರಿಗೆ ಟಿವಿಯಲ್ಲಿ ಮಾತಾಡುವುದು ಗುಂಯ್ ಅಂತ ಕೇಳುತ್ತದೆಯೇ ಹೊರತು ಒಂದು ಶಬ್ದವೂ ಬಿಡಿಸಿ ತಿಳಿಯುವುದಿಲ್ಲ. ಮಾಸ್ತರರು ಟಿವಿ ಪಕ್ಕದಲ್ಲೇ ನಿಂತಿರುತ್ತಾರೆ, ಅವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ. ವಾಲ್ಯೂಮ್ ಜಾಸ್ತಿ ಮಾಡಿದರೆ ಗುಂಯ್ ಇನ್ನೂ ಜಾಸ್ತಿ. ಸ್ಪೀಕರ್ ಅನ್ನು ಕೋಣೆಯ ನಡುವೆ ತಂದಿಟ್ಟರೆ, ಹಿಂದಿನ ಗೋಡೆಗೆ ಹಳೆ ಜಮಖಾನೆ ತೂಗಿ ಹಾಕಿದರೆ ಬಹಳಷ್ಟು ಸರಿ ಹೋಗುತ್ತದೆ. ನಕ್ಷೆ ಮುಗಿದಾಗ ಗುಣಾಕಾರದ ಗುರುತು ಎಲ್ಲಿ ಗುಂಪು ಗುಂಪಾಗಿ ಬಿದ್ದಿದೆ ನೋಡಿ, ಅಲ್ಲಿ ದಿನಾ ಕೂರುವವರು ಯಾರು ಅಂತಲೂ ನೋಡಿ.

ಎರಡನೆಯದು ಕರೆಂಟ್ ಪಟ್ಟಿ. ಒಂದು ಹಾಳೆಯಲ್ಲಿ ದಿನ, ಪೀರಿಯಡ್ ಗೆರೆ ಎಳೆದು ಕರೆಂಟ್ ಇತ್ತಾ ಇಲ್ಲವಾ ಅಂತ ಕ್ಲಾಸ್ ಮಾನಿಟರ್ ಗುರುತು ಹಾಕುತ್ತಾ ಹೋಗಬೇಕು. ಯಾವ ಹೊತ್ತಿಗೆ ಹೋಗುತ್ತದೆ ಅನ್ನೋದಕ್ಕೆ ಒಂದು ಲೆಕ್ಕ ಸಿಗುತ್ತದೆ, ಟಿವಿ ಪೀರಿಯಡ್ ಅನ್ನು ಅದಕ್ಕೆ ತಕ್ಕಂತೆ ಹಿಂದೆ ಮುಂದೆ ಮಾಡಬಹುದು. ಬಿಲ್ಲಿನ ಹೆದರಿಕೆಗೆ ಟಿವಿ ಹಚ್ಚದ ಶಾಲೆಗಳಿದ್ದವು. ಸರ್ಕಾರಿ ಶಾಲೆಗಳಿಗೆ ವಿದ್ಯುತ್ ಉಚಿತ ಅಂತ ರಾಜ್ಯ ಸರ್ಕಾರ 2023ರ ರಾಜ್ಯೋತ್ಸವದ ದಿನ ಘೋಷಿಸಿತು, ಹಾಗಾಗಿ ಆ ನೆಪ ಈಗ ನಡೆಯಬಾರದು.

ಮೂರನೆಯದು ಬಳಕೆ ಪುಸ್ತಕ. ಯಾವತ್ತು ಟಿವಿ ಹಚ್ಚಿದರು, ಯಾವ ವಿಷಯಕ್ಕೆ, ಎಷ್ಟು ನಿಮಿಷ, ನಡುವೆ ನಿಂತರೆ ಯಾಕೆ ನಿಂತಿತು. ಇದು ಶಿಕ್ಷಕರ ಮೇಲೆ ಚಾಡಿ ಹೇಳುವ ಪುಸ್ತಕ ಅಂತ ಯಾರಿಗೂ ಅನ್ನಿಸಬಾರದು, ಆದ್ದರಿಂದ ಶುರುವಿನಲ್ಲೇ ಸ್ಟಾಫ್ ಮೀಟಿಂಗಿನಲ್ಲಿ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ, ಶಿಕ್ಷಕರ ಹೆಸರಿನ ಕಾಲಂ ಇಡಲೇಬೇಡಿ.

ಹೆಜ್ಜೆ 4: ಪ್ರಶ್ನೆ ಸರಿ ಇದ್ದರೆ ಅರ್ಧ ಕೆಲಸ ಆಯಿತು

"ನಿಮಗೆ ಟ್ಯಾಬ್ ಬೇಕಾ?" ಅಂತ ಕೇಳಿದರೆ ಎಲ್ಲಾ ಕೈ ಮೇಲೆ. "ಟಿವಿ ಪಾಠ ಚೆನ್ನಾಗಿದೆಯಾ?" ಅಂದರೆ "ಹೌದು ಸರ್" ಅಂತ ಒಂದೇ ರಾಗ. ಈ ಎರಡೂ ಉತ್ತರದಿಂದ ನಿಮಗೆ ಏನೂ ತಿಳಿಯುವುದಿಲ್ಲ. ಸಾಮಾನಿನ ಬಗ್ಗೆ ಕೇಳುವ ಬದಲು ದಿನದ ಬಗ್ಗೆ ಕೇಳಿ. ಈ ಥರ:

ನಿನ್ನೆ ಯಾವ ಪಾಠದಲ್ಲಿ ನಡುವೆ ತಿಳಿಯದೆ ಕೂತಿದ್ದೆ? ಆಗ ಏನು ಮಾಡಿದೆ, ಯಾರನ್ನು ಕೇಳಿದೆ?
ಟಿವಿಯಲ್ಲಿ ನೋಡಿದ ಪಾಠದಲ್ಲಿ ಇನ್ನೂ ನೆನಪಿರುವುದು ಯಾವುದು? ನೆನಪೇ ಇಲ್ಲದ್ದು ಯಾವುದು?
ವಿಡಿಯೊ ಎಲ್ಲಿ ನಿಲ್ಲಿಸಬೇಕಿತ್ತು?
ಯಾವ ಪಾಠ ಟಿವಿಯಲ್ಲಿ ಬೇಡ, ಸರ್ ಬೋರ್ಡ್ ಮೇಲೆ ಮಾಡಿದರೇ ಚೆಂದ?
ಕಂಪ್ಯೂಟರ್ ಮುಂದೆ ಕೂತಾಗ ಮೌಸ್ ಯಾರ ಕೈಯಲ್ಲಿ ಇರುತ್ತದೆ?
ಮನೆಗೆ ಫೋನ್ ಎಷ್ಟು ಹೊತ್ತಿಗೆ ಬರುತ್ತದೆ? ಬಂದ ಮೇಲೆ ಮೊದಲು ಯಾರ ಕೈಗೆ ಹೋಗುತ್ತದೆ?

ಮೌಸಿನ ಪ್ರಶ್ನೆ ಸಣ್ಣದು ಅನ್ನಿಸುತ್ತದೆ. ಒಂದು ಕಂಪ್ಯೂಟರಿಗೆ ನಾಲ್ಕು ಮಕ್ಕಳು ಅಂತ ಕೂರಿಸಿದರೆ ಮೌಸ್ ಒಬ್ಬನ ಕೈಯಲ್ಲೇ ಇರುತ್ತದೆ, ಬಹಳ ಸಲ ಅವನು ಹುಡುಗನೇ, ಉಳಿದ ಮೂವರು ಅದನ್ನೇ ಕಂಪ್ಯೂಟರ್ ಕಲಿಯುವುದು ಅಂದುಕೊಂಡು ನೋಡುತ್ತಾ ಕೂರುತ್ತಾರೆ. ಐದೈದು ನಿಮಿಷಕ್ಕೆ ಗಂಟೆ ಹೊಡೆದು ಜಾಗ ಬದಲಿಸಬೇಕು ಅನ್ನೋ ನಿಯಮವನ್ನು ಮಕ್ಕಳೇ ಮಾಡಿಕೊಂಡರೆ ಮಾಸ್ತರರು ಹಿಂದೆ ಬೀಳುವ ಕೆಲಸ ಇರುವುದಿಲ್ಲ.

ಫೋನಿನ ಪ್ರಶ್ನೆಯನ್ನು ಕೈ ಎತ್ತಿಸಿ ಕೇಳಬೇಡಿ, ಚೀಟಿಯಲ್ಲಿ ಹೆಸರಿಲ್ಲದೆ ಬರೆಸಿ. "ಫೋನ್ ಇದೆಯಾ" ಅಂತ ಕೇಳಿದರೆ ಇದೆ ಅಂತಲೇ ಬರುತ್ತದೆ. ಆ ಫೋನ್ ಅಪ್ಪನ ಜೇಬಿನಲ್ಲಿ ಬೆಳಿಗ್ಗೆ ಹೊಲಕ್ಕೋ ಕಲ್ಲಿನ ಖಣಿಗೋ ಹೋಗಿ ರಾತ್ರಿ ಬರುತ್ತದೆ, ಬಂದಾಗ ಚಾರ್ಜ್ ಇರುವುದಿಲ್ಲ, ಚಾರ್ಜ್ ಆದ ಮೇಲೆ ಅಣ್ಣನ ಕೈಗೆ ಹೋಗುತ್ತದೆ, ಅಡುಗೆ ಮನೆಯ ಕೆಲಸ ಮುಗಿಸಿ ಹುಡುಗಿ ಬರುವ ಹೊತ್ತಿಗೆ ದಿನದ ಡೇಟಾ ಮುಗಿದಿರುತ್ತದೆ. 2020ರಲ್ಲಿ ಕೊರೊನಾ ಸಮಯದಲ್ಲಿ ಇದನ್ನು ಎಲ್ಲರೂ ಕಂಡಿದ್ದೇವೆ. ಅದಕ್ಕೇ ಶಿಕ್ಷಕರು ವಿದ್ಯಾಗಮ ಅಂತ ಗುಡಿ ಕಟ್ಟೆ, ಮರದ ನೆರಳಿಗೆ ಹೋಗಿ ಪಾಠ ಮಾಡಬೇಕಾಯಿತು, ಚಂದನ ವಾಹಿನಿಯಲ್ಲಿ ಸಂವೇದ ಪಾಠ ಬಂತು. ಕೊರೊನಾ ಹೋಯಿತು, ಹೋಂವರ್ಕ್ ಮಾತ್ರ ವಾಟ್ಸ್ಆ್ಯಪ್‌ನಲ್ಲೇ ಉಳಿದುಬಿಟ್ಟ ಶಾಲೆಗಳಿವೆ. ಚೀಟಿ ಓದಿದ ಮೇಲೆ ಅದನ್ನು ಹಾಗೇ ಬಿಡಬೇಕೋ ಬೇಡವೋ ನೀವೇ ಹೇಳಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ತೆರೆಯುವ, ಸರ್ಕಾರದ ದೀಕ್ಷಾ ತಾಣದ ವಿಡಿಯೊಗಳನ್ನು ಮನೆಯಲ್ಲಿ ನೋಡಿ ಬನ್ನಿ ಅನ್ನುವ ಬದಲು ಶಾಲೆಯಲ್ಲೇ ಡೌನ್‌ಲೋಡ್ ಮಾಡಿಟ್ಟು ತೋರಿಸಬಹುದು. ಪಂಚಾಯಿತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲಿ ಕಂಪ್ಯೂಟರ್ ಇದ್ದರೆ ಸಂಜೆ ಯಾರು ಹೋಗಿ ಕೂರುತ್ತಾರೆ, ಹುಡುಗಿಯರು ಹೋಗುತ್ತಾರಾ, ಹೋಗದಿದ್ದರೆ ಯಾಕೆ ಅಂತಲೂ ಕೇಳಿ.

ಭಾಷೆಯ ಬಗ್ಗೆ ಬೇರೆಯಾಗಿಯೇ ಕೇಳಬೇಕು. ಯೂಟ್ಯೂಬ್ ವಿಡಿಯೊದ ಕನ್ನಡ ಬೆಂಗಳೂರು, ಮೈಸೂರಿನ ಕನ್ನಡ. ವೇಗ ಜಾಸ್ತಿ. ಮನೆಯಲ್ಲಿ ತೆಲುಗೋ ಲಂಬಾಣಿಯೋ ಮಾತಾಡುವ ಐದನೇ ತರಗತಿ ಮಗುವಿಗೆ ಅದು ಎರಡು ಸಲ ದೂರ. ವಿಡಿಯೊ ವೇಗ ಕಡಿಮೆ ಮಾಡಿ, ನಡುವೆ ನಿಲ್ಲಿಸಿ, ಅದೇ ಭಾಷೆಯ ದೊಡ್ಡ ಮಗುವಿನಿಂದ ಒಂದು ಸಲ ಹೇಳಿಸಿ ಅನ್ನೋ ಉಪಾಯ ಮಕ್ಕಳೇ ಕೊಡುತ್ತಾರೆ. ಉರ್ದು ಮಾಧ್ಯಮದ ಶಾಲೆ ಆದರೆ ಆ ಭಾಷೆಯಲ್ಲಿ ಯಾವ ಪಾಠಕ್ಕೆ ವಿಡಿಯೊ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಅಂತ ಹುಡುಕುವ ಕೆಲಸವನ್ನೇ ಎಂಟು ಒಂಬತ್ತನೇ ತರಗತಿಯವರಿಗೆ ಕೊಡಿ.

ಮಾತಾಡಿಸುವುದು ಯಾರು ಅನ್ನೋದೂ ಮುಖ್ಯ. ಅಂಕ ಹಾಕುವ ಮಾಸ್ತರರೇ ಎದುರು ಕೂತರೆ ಮಕ್ಕಳು ತೂಗಿ ತೂಗಿ ಮಾತಾಡುತ್ತಾರೆ. ಸಿಆರ್‌ಪಿ ಆಗಬಹುದು, ಪಕ್ಕದ ಶಾಲೆಯ ಶಿಕ್ಷಕರು ಆಗಬಹುದು, ಅದೇ ಶಾಲೆಯಲ್ಲಿ ಓದಿ ಈಗ ಕಾಲೇಜಿಗೆ ಹೋಗುವ ಹುಡುಗಿ ಆದರೆ ಇನ್ನೂ ಒಳ್ಳೆಯದು. ಹುಡುಗಿಯರ ಜೊತೆ ಒಂದು ಸಲ ಬೇರೆಯಾಗಿ ಕೂತು ಮಾತಾಡಿ, ಮಹಿಳಾ ಶಿಕ್ಷಕಿ ಇರಲಿ.

ಕೊನೆಗೆ ಮತ ಹಾಕಿಸುವುದಿದ್ದರೆ ಕೈ ಎತ್ತಿಸುವುದಕ್ಕಿಂತ ತೊಗರಿ ಕಾಳು ಒಳ್ಳೆಯದು. ಕಿಟಕಿ ಪರದೆ, ಸ್ಪೀಕರ್, ಇನ್ವರ್ಟರ್, ಕನ್ನಡ ಟೈಪಿಂಗ್ ಕ್ಲಾಸ್ ಅಂತ ಚೀಟಿ ಅಂಟಿಸಿದ ಲೋಟಗಳನ್ನು ಒಂದು ಮೂಲೆಯಲ್ಲಿ ಇಡಿ. ಪ್ರತಿ ಮಗುವಿಗೆ ಐದು ಕಾಳು. ಒಬ್ಬೊಬ್ಬರಾಗಿ ಹೋಗಿ ಹಾಕಿ ಬರಲಿ. ಐದೂ ಒಂದಕ್ಕೇ ಹಾಕಬಹುದು. ಹುಡುಗಿಯರಿಗೆ ಬೇರೆ ಕಾಳು ಕೊಡಿ, ಕಡಲೆ ಕೊಡಿ, ಎಣಿಸುವಾಗ ವ್ಯತ್ಯಾಸ ಕಾಣುತ್ತದೆ.

ಹೆಜ್ಜೆ 5: ಬಾಯಿಬಿಟ್ಟು ಹೇಳದ ವಿಷಯ

ಟೆಕ್ನಾಲಜಿ ಅಂದರೆ ಕ್ಯಾಮೆರಾ ಕೂಡ. ಶಾಲೆಯಲ್ಲಿ ಯಾವ ಕಾರ್ಯಕ್ರಮ ಆದರೂ ಫೋಟೊ, ಫೋಟೊ ಆದರೆ ಗ್ರೂಪಿಗೆ. ಓದಲು ತಡವರಿಸುವ ಮಗುವಿನ ವಿಡಿಯೊ ಮಾಡಿ "ಪ್ರಗತಿ ನೋಡಿ" ಅಂತ ಹಾಕುವವರಿದ್ದಾರೆ. ಆ ವಿಡಿಯೊ ಓಣಿಯವರೆಲ್ಲ ನೋಡಿರುತ್ತಾರೆ. ಆ ಮಗುವನ್ನು ಯಾರಾದರೂ ಕೇಳಿದ್ದರಾ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು ಅನ್ನೋದು ಅದರ ತಿರುಳು. ಪಾಲಕರ ಸಹಿ ಇದ್ದರೂ ಮಗು ಬೇಡ ಅಂದರೆ ತೆಗೆಯಬೇಡಿ, ಇದು ನನ್ನ ಅಭಿಪ್ರಾಯ. ಯಾವ ಫೋಟೊ ಸರಿ, ಯಾವುದು ಬೇಡ ಅಂತ ಗುಂಪಿನಿಂದಲೇ ನಿಯಮ ಬರೆಸಿ, ಸ್ಟಾಫ್ ರೂಮಿನಲ್ಲಿ ಅಂಟಿಸಿ. ಮಕ್ಕಳ ನಿಯಮ ದೊಡ್ಡವರಿಗೂ ಅನ್ವಯಿಸುತ್ತದೆ ಅಂತ ಅವರಿಗೆ ಗೊತ್ತಾಗುವುದು ಇಲ್ಲೇ.

ದೊಡ್ಡ ಮಕ್ಕಳು ಈಗ ಎಐ ಆ್ಯಪ್‌ಗೆ ಪ್ರಶ್ನೆ ಹಾಕಿ ಉತ್ತರ ಬರೆದುಕೊಂಡು ಬರುತ್ತಾರೆ. ಬೈದರೆ ಮುಚ್ಚಿಡುತ್ತಾರೆ. ಯಾವುದಕ್ಕೆ ಕೇಳಿದೆ, ಅದು ತಪ್ಪು ಹೇಳಿದ್ದು ಯಾವಾಗ ಅಂತ ಕೇಳಿದರೆ ತಮ್ಮ ಅನುಭವವನ್ನು ಅವರೇ ಬಿಚ್ಚಿ ಹೇಳುತ್ತಾರೆ.

ಒಂದು ಎಚ್ಚರಿಕೆ. ಚೀಟಿಯಲ್ಲಿ ಯಾರೋ ಫೋಟೊ ಇಟ್ಟುಕೊಂಡು ಹೆದರಿಸುತ್ತಿದ್ದಾರೆ, ಕೆಟ್ಟ ಮೆಸೇಜ್ ಕಳಿಸುತ್ತಿದ್ದಾರೆ ಅಂತ ಬಂದರೆ ಅದು ಯೋಜನೆಯ ವಿಷಯ ಆಗಿ ಉಳಿಯುವುದಿಲ್ಲ. ಸಭೆಯಲ್ಲಿ ಓದಬೇಡಿ, ಯಾರು ಬರೆದದ್ದು ಅಂತ ತರಗತಿಯಲ್ಲಿ ಹುಡುಕಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಲೈಂಗಿಕ ಕಿರುಕುಳ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಶಾಲೆಯ ಮರ್ಯಾದೆ ಅಂತ ಮುಚ್ಚಿಡುವುದು ಅಪರಾಧ.

ಹೆಜ್ಜೆ 6: ಎಸ್‌ಡಿಎಂಸಿ ಸಭೆಗೆ ತೆಗೆದುಕೊಂಡು ಹೋಗಿ

ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನಲ್ಲಿ ಶಾಲಾ ಸಮಿತಿ ಇದೆ, 22ರಲ್ಲಿ ಆ ಸಮಿತಿ ಶಾಲೆಯ ಅಭಿವೃದ್ಧಿ ಯೋಜನೆ ಮಾಡಬೇಕು ಅಂತಿದೆ. ಮಕ್ಕಳ ಮಾತು ಹೋಗಿ ಸೇರಬೇಕಾದ್ದು ಆ ಯೋಜನೆಯ ಕಾಗದದಲ್ಲಿ. ಮಕ್ಕಳಿಗೆ ಸಂಬಂಧಿಸಿದ ವಿಷಯದಲ್ಲಿ ಅವರ ಮಾತು ಕೇಳಬೇಕು ಅಂತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ಕಲಮು ಹೇಳುತ್ತದೆ, ಭಾರತ ಅದನ್ನು 1992ರಲ್ಲೇ ಒಪ್ಪಿದೆ. "ಹುಡುಗರಿಗೆ ಏನು ತಿಳೀತದ್ರಿ" ಅನ್ನುವವರಿಗೆ ಇದನ್ನು ಹೇಳಬಹುದು. ಬೆಂಚ್ ಪರೀಕ್ಷೆಯ ನಕ್ಷೆ ತೋರಿಸಿದರೆ ಇನ್ನೂ ಬೇಗ ಒಪ್ಪುತ್ತಾರೆ.

ಸಭೆಗೆ ಮೊದಲು ಮಕ್ಕಳ ಜೊತೆ ಕೂತು ಎಲ್ಲಾ ಬೇಡಿಕೆಯನ್ನು ಮೂರು ಭಾಗ ಮಾಡಿ: ನಾಳೆಯೇ ಆಗುವುದು, ಸಮಿತಿ ಒಪ್ಪಿದರೆ ಆಗುವುದು, ತಾಲ್ಲೂಕಿನ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೋ ಪಂಚಾಯಿತಿಗೋ ಬರೆಯಬೇಕಾದ್ದು. ಸಮಿತಿಯ ಮುಂದೆ ನಡುವಿನದ್ದು ಮಾತ್ರ ಇಡಿ. ಬೆಲೆ ಗೊತ್ತಿರಲಿ. ಪರದೆ ಬಟ್ಟೆ ಮೀಟರಿಗೆ ಎಷ್ಟು ಅಂತ ಅಂಗಡಿಯಲ್ಲಿ ಕೇಳಿ ಬರುವ ಕೆಲಸ ಮಕ್ಕಳದ್ದೇ. ಇಬ್ಬರು ಮಾತಾಡಲಿ, ಒಬ್ಬರೇ ಆದರೆ ಹೆದರುತ್ತಾರೆ. ಅವರ ವಿಷಯ ಸಭೆಯಲ್ಲಿ ಮೊದಲು ಬರಲಿ. ಕೊನೆಗೆ ಇಟ್ಟರೆ ಅಷ್ಟೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ, ಉಳಿದವರು ಚಹಾದ ದಾರಿ ನೋಡುತ್ತಿರುತ್ತಾರೆ. ಭಾಷಣ ಬರೆದುಕೊಟ್ಟು ಬಾಯಿಪಾಠ ಮಾಡಿಸಬೇಡಿ, ದಯವಿಟ್ಟು. ಯಾರಾದರೂ ಪಾಲಕರು ಎದುರು ಪ್ರಶ್ನೆ ಹಾಕಿದರೆ ನೀವು ನಡುವೆ ಬಾಯಿ ಹಾಕದೆ ಮಗು ಉತ್ತರ ಕೊಡುವವರೆಗೆ ಕಾಯಿರಿ. ತೀರ್ಮಾನ ನಡಾವಳಿ ಪುಸ್ತಕದಲ್ಲಿ ಬರಲಿ, ಯಾರು ಮಾಡಬೇಕು, ಯಾವ ದಿನದೊಳಗೆ ಅನ್ನೋದರ ಸಮೇತ.

ಮೂರನೇ ಭಾಗದ ಬೇಡಿಕೆಗಳಿಗೆ ಮಕ್ಕಳ ಗ್ರಾಮಸಭೆ ಇದೆ. ಕುಡಿಯುವ ನೀರು, ಕಾಂಪೌಂಡ್ ಅಂತ ಕೇಳುವ ಜಾಗದಲ್ಲೇ ಅರಿವು ಕೇಂದ್ರದ ಸಮಯ ಬದಲಿಸಿ, ಶಾಲೆ ತನಕ ಇಂಟರ್ನೆಟ್ ಲೈನ್ ಎಳೆಸಿ ಅಂತಲೂ ಕೇಳಬಹುದು.

ಹೆಜ್ಜೆ 7: ಉತ್ತರ ಕೊಡಿ, ಬರೆದು ಕೊಡಿ

ಇಡೀ ಕೆಲಸದಲ್ಲಿ ಒಂದೇ ಒಂದು ಹೆಜ್ಜೆ ಮಾಡುತ್ತೇನೆ, ಯಾವುದು ಹೇಳಿ ಅಂತ ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಕೇಳಿ ಸುಮ್ಮನಾಗುವುದು ಕೇಳದೇ ಇರುವುದಕ್ಕಿಂತ ಕೆಟ್ಟದ್ದು. ಬೆಲ್‌ಫಾಸ್ಟಿನ ಲಾರಾ ಲಂಡಿ ಅನ್ನುವ ಪ್ರಾಧ್ಯಾಪಕಿ 2007ರಲ್ಲಿ ಆ 12ನೇ ಕಲಮನ್ನು ನಾಲ್ಕಾಗಿ ಬಿಡಿಸಿ ತೋರಿಸಿದ್ದಾರೆ: ಮಾತಾಡಲು ಜಾಗ, ಮಾತಾಡಲು ನೆರವು, ಕೇಳಲೇಬೇಕಾದವರು ಕೇಳುವುದು, ಕೇಳಿದ್ದರಿಂದ ಏನಾದರೂ ಆಗುವುದು. ನಮ್ಮಲ್ಲಿ ಮೊದಲ ಎರಡು ಆಗಾಗ ಆಗುತ್ತವೆ. ಸಲಹಾ ಪೆಟ್ಟಿಗೆ ಎಲ್ಲಾ ಕಡೆ ನೇತಾಡುತ್ತಿದೆ, ಅದರ ಚಾವಿ ಕೊನೆಗೆ ತೆಗೆದದ್ದು ಯಾವಾಗ?

ಒಂದು ವಾರದೊಳಗೆ ಪ್ರಾರ್ಥನೆ ನಡೆಯುವ ಜಾಗದ ಹತ್ತಿರ ಒಂದು ಹಾಳೆ ಅಂಟಿಸಿ. ಎಡಗಡೆ ಮಕ್ಕಳು ಹೇಳಿದ್ದು, ಅವರ ಮಾತಿನಲ್ಲೇ. ಬಲಗಡೆ ಆಗುತ್ತದೆ, ಆಗುವುದಿಲ್ಲ, ಆಮೇಲೆ ಅಂತ ಮೂರರಲ್ಲಿ ಒಂದು ಉತ್ತರ, ಪಕ್ಕದಲ್ಲಿ ಕಾರಣ. "ಊಟದ ಬಿಡುವಿನಲ್ಲಿ ಟಿವಿಯಲ್ಲಿ ಕ್ರಿಕೆಟ್: ಆಗುವುದಿಲ್ಲ. ಆ ಹೊತ್ತಿನಲ್ಲಿ ಕೋಣೆ ನೋಡಿಕೊಳ್ಳಲು ಯಾರೂ ಇಲ್ಲ." "ಏಳನೇ ತರಗತಿಗೆ ಕನ್ನಡ ಟೈಪಿಂಗ್: ಆಗುತ್ತದೆ. ಶನಿವಾರ ಕೊನೆಯ ಪೀರಿಯಡ್." "ಕಿಟಕಿಗೆ ಪರದೆ: ಆಮೇಲೆ. ಸಮಿತಿ ಒಪ್ಪಿದೆ, ಹಣ ಬಂದ ಮೇಲೆ." ಇಲ್ಲ ಅನ್ನೋದಕ್ಕೆ ಮಕ್ಕಳು ಬೇಸರ ಮಾಡಿಕೊಂಡರೂ ಕಾರಣ ಸರಿ ಇದ್ದರೆ ಒಪ್ಪುತ್ತಾರೆ. ಕೆಲವು ಸಲ ಕಾರಣಕ್ಕೇ ಪರಿಹಾರ ತರುತ್ತಾರೆ.

ಕನಿಷ್ಠ ಒಂದು ಬೇಡಿಕೆ ಆ ವಾರವೇ ಆಗಿ ಕಾಣಬೇಕು. ಕೂರುವ ಸಾಲು ವಾರಕ್ಕೊಮ್ಮೆ ಹಿಂದೆ ಮುಂದೆ ಮಾಡುವುದಕ್ಕೆ ಯಾರ ಆದೇಶ ಬೇಕು?

ಹೆಜ್ಜೆ 8: ಕೆಲಸ ಹಂಚಿ, ಆದರೆ ಕೂಲಿ ಮಾಡಿಸಬೇಡಿ

ಟಿವಿ ಹಚ್ಚುವುದು, ಬಳಕೆ ಪುಸ್ತಕ ಬರೆಯುವುದು, ನಾಳೆಯ ವಿಡಿಯೊ ಡೌನ್‌ಲೋಡ್ ಆಗಿದೆಯಾ ನೋಡುವುದು, ಇದನ್ನೆಲ್ಲ ಮಕ್ಕಳು ಚೆನ್ನಾಗಿ ಮಾಡುತ್ತಾರೆ. ತಿಂಗಳಿಗೊಮ್ಮೆ ಜೋಡಿ ಬದಲಾಗಲಿ, ಜೋಡಿಯಲ್ಲಿ ಒಬ್ಬಳು ಹುಡುಗಿ ಇರಲಿ. ಕಸ ಹೊಡೆಯುವುದು ಹುಡುಗಿಯರಿಗೆ, ರಿಮೋಟ್ ಹುಡುಗರಿಗೆ ಅಂತ ಹಂಚಿಕೆ ಆಗದಂತೆ ನೋಡಿಕೊಳ್ಳಿ, ಅದು ಯಾರೂ ಹೇಳದೆಯೇ ಆಗಿಬಿಡುತ್ತದೆ. ಕರೆಂಟ್ ಬೋರ್ಡ್ ಬಿಚ್ಚುವುದು, ಯುಪಿಎಸ್ ಬ್ಯಾಟರಿ ಎತ್ತುವುದು, ಏಣಿ ಹತ್ತುವುದು ಮಕ್ಕಳ ಕೆಲಸ ಅಲ್ಲ. ಪಾಠ ಬಿಟ್ಟು ಆಫೀಸಿನ ಡೇಟಾ ಎಂಟ್ರಿ ಮಾಡಿಸುವುದಂತೂ ಬೇಡವೇ ಬೇಡ.

ಹೆಜ್ಜೆ 9: ಯಾವ ತಿಂಗಳಲ್ಲಿ ಮಾಡಬೇಕು

ಜುಲೈ ಒಳ್ಳೆಯದು. ಜೂನ್‌ನಲ್ಲಿ ದಾಖಲಾತಿ ಗದ್ದಲ, ಗುಳೆ ಹೋದ ಮನೆಯವರು ಇನ್ನೂ ಬರುತ್ತಿರುತ್ತಾರೆ. ದಸರಾ ರಜೆ ಮುಗಿದ ಮೇಲೆ ಇನ್ನೊಮ್ಮೆ ಕೂತು, ನಕ್ಷೆ ಮತ್ತೆ ಬರೆಸಿ, ಜುಲೈ ಹಾಳೆಯ ಪಕ್ಕದಲ್ಲಿಟ್ಟು ನೋಡಿ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ, ದೊಡ್ಡ ಮಕ್ಕಳು ಹೊಲದಲ್ಲಿ, ಹಾಜರಿ ಕಡಿಮೆ. ಆಗ ಕೇಳಿದರೆ ಮನೆಯಲ್ಲಿ ಅನುಕೂಲ ಇರುವವರ ಮಾತು ಮಾತ್ರ ಸಿಗುತ್ತದೆ. ಫೆಬ್ರವರಿಯಿಂದ ಪರೀಕ್ಷೆ, ಆಮೇಲೆ ಬಿಸಿಲು.

ವರ್ಷದ ಕೊನೆಗೆ ದೊಡ್ಡ ತರಗತಿಯವರು ಶಾಲೆ ಬಿಟ್ಟು ಹೋಗುತ್ತಾರೆ, ಅವರ ಜೊತೆ ಇಷ್ಟೂ ತಿಳಿವಳಿಕೆ ಹೋಗಿಬಿಡುತ್ತದೆ. ಹೋಗುವ ಮುಂಚೆ ಒಂದು ಮಧ್ಯಾಹ್ನ ಹಳೇ ಗುಂಪು, ಹೊಸ ಗುಂಪು ಒಟ್ಟಿಗೆ ಕೂತು ಬಳಕೆ ಪುಸ್ತಕ, ನಕ್ಷೆ, ಬೋರ್ಡಿಗೆ ಅಂಟಿಸಿದ ಹಾಳೆಗಳನ್ನು ಕೈ ಬದಲಾಯಿಸಲಿ. "ಆಮೇಲೆ" ಅಂತ ಬರೆದದ್ದು ಎಷ್ಟು ಉಳಿದಿದೆ ಅಂತ ಹೊಸಬರು ಎಣಿಸಿ ಇಟ್ಟುಕೊಳ್ಳಲಿ, ಜುಲೈ ಸಭೆಯ ಮೊದಲ ವಿಷಯ ಅದೇ.